ಜೇಬಿನಲ್ಲಿದ್ದರೆ ಸಾಲದು

ಎಚ್‌ಐವಿ ತಡೆಯುವ ಕಾಂಡೋಮ್ ಇಂದು ಆಸ್ಪತ್ರೆಯಲ್ಲಿ ಪುಕ್ಕಟೆ, ಅಂಗಡಿಯಲ್ಲಿ ಅಗ್ಗ. ಆದರೂ ಸಲಿಂಗಿ ಪುರುಷರಲ್ಲಿ ಅದರ ಬಳಕೆ ಏಕೆ ಒಮ್ಮೆ ಇದ್ದು ಒಮ್ಮೆ ಇಲ್ಲವಾಗುತ್ತದೆ? ಕಾರಣಗಳು ಬರೀ ಅಜ್ಞಾನದಲ್ಲಿಲ್ಲ. ಪ್ರೀತಿ, ಭಯ, ಪೊಲೀಸು, ಮದುವೆ, ಕೊನೆಗೆ ತೆಂಗಿನೆಣ್ಣೆಯವರೆಗೂ ಅವು ಹರಡಿಕೊಂಡಿವೆ.

ಮೆಡಿಕಲ್ ಷಾಪಿನಲ್ಲಿ ಕೆಮ್ಮಿನ ಔಷಧಿಯನ್ನು ಎಲ್ಲರೂ ಗಟ್ಟಿಯಾಗಿಯೇ ಕೇಳುತ್ತಾರೆ. ಕಾಂಡೋಮ್ ಬೇಕಾದ ಗಿರಾಕಿ ಮಾತ್ರ ಅಂಗಡಿ ಖಾಲಿಯಾಗುವವರೆಗೆ ಕಾಯುತ್ತಾನೆ. ಕೇಳುವಾಗ ಅವನ ದನಿ ತಗ್ಗುತ್ತದೆ. ಕೊಡುವವನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೈಗಿಡುತ್ತಾನೆ. ಹೆಂಡತಿ ಮಕ್ಕಳಿರುವ, ಸಮಾಜ ಒಪ್ಪಿದ ಸಂಸಾರಸ್ಥನ ಪಾಡೇ ಹೀಗಾದರೆ, ಗಂಡಸನ್ನೇ ಬಯಸುವ ಗಂಡಸಿನ ಪಾಡೇನು?

ಈ ಪ್ರಶ್ನೆಯನ್ನು ಬರಿಯ ಕುತೂಹಲದಿಂದ ಕೇಳುತ್ತಿಲ್ಲ. ಎಚ್‌ಐವಿ ತಡೆಯ ಇಡೀ ಲೆಕ್ಕಾಚಾರ ನಿಂತಿರುವುದು ಇದರ ಉತ್ತರದ ಮೇಲೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ‘ನ್ಯಾಕೋ’, 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪುರುಷರೊಡನೆ ಲೈಂಗಿಕ ಸಂಪರ್ಕ ಹೊಂದಿರುವ ಪುರುಷರಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಶೇ 3ಕ್ಕಿಂತ ತುಸು ಹೆಚ್ಚಿತ್ತು. ದೇಶದ ಒಟ್ಟು ವಯಸ್ಕರಲ್ಲಿ ಅದು ಸುಮಾರು ಶೇ 0.2. ಹದಿನೈದು ಪಟ್ಟಿನಷ್ಟಾಗುವ ಈ ಅಂತರ ಹೇಗೆ ಬಂತು?

ದೇಹದ ಲೆಕ್ಕ

ಮೊದಲ ಕಾರಣ ಶರೀರ ರಚನೆಯದು. ಗುದದ ಒಳಪದರ ತೀರಾ ತೆಳು. ಯೋನಿಯಲ್ಲಿರುವ ಸಹಜ ಜಾರುದ್ರವ ಅಲ್ಲಿಲ್ಲ. ಸಣ್ಣ ಉಜ್ಜಾಟಕ್ಕೂ ಕಣ್ಣಿಗೆ ಕಾಣದ ಗಾಯಗಳಾಗುತ್ತವೆ, ಮತ್ತು ವೈರಾಣು ಹುಡುಕುವ ಜೀವಕೋಶಗಳು ಅಲ್ಲಿ ದಟ್ಟವಾಗಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂದಾಜಿನಂತೆ, ಸೋಂಕಿತನಾದ, ಚಿಕಿತ್ಸೆ ಪಡೆಯದ ಸಂಗಾತಿಯೊಡನೆ ಕಾಂಡೋಮ್ ಇಲ್ಲದೆ ಗುದ ಸಂಪರ್ಕವಾದಾಗ, ಸ್ವೀಕರಿಸುವವನಿಗೆ ಸೋಂಕು ತಗಲುವ ಸಾಧ್ಯತೆ 10,000 ಬಾರಿಗೆ 138. ಯೋನಿ ಸಂಪರ್ಕದಲ್ಲಿ ಹೆಣ್ಣಿಗೆ ಇರುವ ಅಪಾಯ 10,000ಕ್ಕೆ 8. ಇದರಲ್ಲಿ ಪಾಪ ಪುಣ್ಯದ ಪ್ರಶ್ನೆಯಿಲ್ಲ. ಚರ್ಮದ ದಪ್ಪದ ಪ್ರಶ್ನೆಯಷ್ಟೇ. ಗಂಡು ಹೆಣ್ಣಿನ ನಡುವಣ ಗುದ ಸಂಪರ್ಕಕ್ಕೂ ಇದೇ ಲೆಕ್ಕ.

ಆದ್ದರಿಂದಲೇ ಇಲ್ಲಿ ಕಾಂಡೋಮ್‌ನ ಬೆಲೆ ಹೆಚ್ಚು. ಆದರೆ ಒಂದು ಷರತ್ತಿದೆ. ಪ್ರತಿಸಲವೂ ಬಳಸಬೇಕು. ಅಮೆರಿಕದ ಸಲಿಂಗಿ ಪುರುಷರ ಮೇಲಿನ ಹಳೆಯ ಅಧ್ಯಯನಗಳ ಅಂಕಿ ಅಂಶಗಳನ್ನು ಅಲ್ಲಿಯ ರೋಗ ನಿಯಂತ್ರಣ ಕೇಂದ್ರದ ತಜ್ಞರು ಮತ್ತೆ ಅಳೆದು 2015ರಲ್ಲಿ ಪ್ರಕಟಿಸಿದರು. ಸದಾ ಬಳಸುತ್ತೇನೆ ಎಂದವರಲ್ಲಿ, ಎಂದೂ ಬಳಸದವರಿಗೆ ಹೋಲಿಸಿದರೆ ಸೋಂಕು ಶೇ 70ರಷ್ಟು ಕಡಿಮೆ ಇತ್ತು. ‘ಆಗಾಗ ಬಳಸುತ್ತೇನೆ’ ಎಂದವರಿಗೆ ಮಾತ್ರ ಹೇಳಿಕೊಳ್ಳುವಂಥ ರಕ್ಷಣೆಯೇ ದೊರೆತಿರಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಕೊಡೆ ಹಿಡಿದು ಇನ್ನೊಂದು ದಿನ ಮರೆತರೆ ನೆನೆಯುವುದು ತಪ್ಪುವುದಿಲ್ಲವಷ್ಟೆ. ಹೀಗಾಗಿ ತಜ್ಞರಿಗೆ ‘ಕಾಂಡೋಮ್ ಗೊತ್ತೇ?’ ಎಂಬುದಕ್ಕಿಂತ ‘ಯಾವ ರಾತ್ರಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ?’ ಎಂಬ ಪ್ರಶ್ನೆ ಮುಖ್ಯವಾಯಿತು.

ಕೆಂಪು ತ್ರಿಕೋನದ ಹೊರಗಿನವರು

ಭಾರತದಲ್ಲಿ ಕಾಂಡೋಮ್ ಬಂದದ್ದು ಕುಟುಂಬ ಯೋಜನೆಯ ಕೈಹಿಡಿದು. ಸರ್ಕಾರ 1968ರಲ್ಲಿ ‘ನಿರೋಧ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಮೂರಕ್ಕೆ 15 ಪೈಸೆ. ಚಹಾ, ಸಾಬೂನು ಮಾರುವ ದೊಡ್ಡ ಕಂಪೆನಿಗಳ ಜಾಲದ ಮೂಲಕ ಅದು ಹಳ್ಳಿಯ ಕಿರಾಣಿ ಅಂಗಡಿಗಳಿಗೂ ತಲುಪಿತು. ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಲೇಟೆಕ್ಸ್ ತಿರುವನಂತಪುರದಲ್ಲಿ ಉತ್ಪಾದನೆ ಆರಂಭಿಸಿ, 1985ರಲ್ಲಿ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಕಾರ್ಖಾನೆ ತೆರೆಯಿತು. ಗೋಡೆಗೋಡೆಗಳ ಮೇಲೆ ಕೆಂಪು ತ್ರಿಕೋನ. ಅದರ ಪಕ್ಕದಲ್ಲಿ ನಗುವ ಅಪ್ಪ, ಅಮ್ಮ, ಎರಡು ಮಕ್ಕಳು.

ಆ ಚಿತ್ರದಲ್ಲಿ ಸಲಿಂಗಿ ಪುರುಷನಿಗೆ ಜಾಗವಿರಲಿಲ್ಲ. ‘ಮಕ್ಕಳಾಗದಿರಲಿ ಎಂದು ಹಾಕುವ ವಸ್ತು, ನಮಗೆ ಮಕ್ಕಳಾಗುವ ಪ್ರಶ್ನೆಯೇ ಇಲ್ಲವಲ್ಲ’ ಎಂಬ ತರ್ಕ ಸಹಜವಾಗಿಯೇ ಬೇರೂರಿತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರು ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಹಚ್ಚಿದ್ದು ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ. ಆಮೇಲಿನ ಪ್ರಚಾರವೆಲ್ಲ ಆ ಮಹಿಳೆಯರ ಮತ್ತು ಲಾರಿ ಚಾಲಕರ ಸುತ್ತಲೇ ಸುತ್ತಿತು. ಭಿತ್ತಿಪತ್ರದಲ್ಲಿ ರೋಗ ಕೊಡುವವಳು ಯಾವಾಗಲೂ ಹೆಂಗಸು. ಇದನ್ನು ನೋಡಿದ ಎಷ್ಟೋ ಪುರುಷರು ‘ಹೆಂಗಸರ ಸಹವಾಸ ಮಾಡಿದರೆ ತಾನೇ ಏಡ್ಸ್? ಗಂಡಸರ ಜೊತೆ ಇದ್ದರೆ ಭಯವಿಲ್ಲ’ ಎಂಬ ತಿಳಿವಳಿಕೆಗೆ ಬಂದರು. ತಪ್ಪು ಅವರದಲ್ಲ. ಹೇಳಬೇಕಾದ ಮಾತನ್ನು ಹೇಳಲು ಯಾರೂ ಬಾಯಿ ಬಿಟ್ಟಿರಲಿಲ್ಲ.

ಶಾಲೆಯಲ್ಲಾದರೂ ಹೇಳಬಹುದಿತ್ತಲ್ಲ ಎಂದರೆ, 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ತಡೆಯೊಡ್ಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ತಾವೇ ಕಂಡುಕೊಂಡ ದಾರಿ

ಅಮೆರಿಕದಲ್ಲಿ ಕಥೆ ಬೇರೆ ರೀತಿ ಆರಂಭವಾಯಿತು. 1981ರ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ಸಲಿಂಗಿ ಯುವಕರಲ್ಲಿ ಕಂಡ ವಿಚಿತ್ರ ನ್ಯುಮೋನಿಯಾದ ಬಗ್ಗೆ ಮೊದಲ ವರದಿ ಪ್ರಕಟವಾಯಿತು. ಕಾರಣವೇನೆಂದು ಯಾರಿಗೂ ಗೊತ್ತಿರಲಿಲ್ಲ. ಸಾವುಗಳು ಮಾತ್ರ ಏರುತ್ತಿದ್ದವು. ‘ಲೈಂಗಿಕತೆಯನ್ನೇ ಬಿಟ್ಟುಬಿಡಿ’ ಎಂಬ ಉಪದೇಶಕ್ಕೆ ಕೊರತೆಯಿರಲಿಲ್ಲ.

1983ರಲ್ಲಿ ನ್ಯೂಯಾರ್ಕಿನ ಮೈಕೆಲ್ ಕ್ಯಾಲೆನ್ ಮತ್ತು ರಿಚರ್ಡ್ ಬರ್ಕೊವಿಟ್ಜ್ ಎಂಬ ಇಬ್ಬರು, ಡಾ. ಜೋಸೆಫ್ ಸೊನ್ನಾಬೆಂಡ್ ಅವರ ಮಾರ್ಗದರ್ಶನದಲ್ಲಿ 40 ಪುಟಗಳ ಪುಸ್ತಿಕೆಯೊಂದನ್ನು ಹೊರತಂದರು. ಸಾಂಕ್ರಾಮಿಕದ ನಡುವೆ ಲೈಂಗಿಕ ಜೀವನ ನಡೆಸುವುದು ಹೇಗೆ ಎಂಬುದೇ ಅದರ ವಿಷಯ. ಲೇಖಕರಿಬ್ಬರೂ ಸ್ವತಃ ಸಲಿಂಗಿಗಳು, ಇಬ್ಬರೂ ಆ ಕಾಯಿಲೆಗೆ ಸಿಲುಕಿದವರು. ರೋಗದ ಮೂಲದ ಬಗ್ಗೆ ಅವರ ವಾದ ಮುಂದೆ ತಪ್ಪೆಂದು ತಿಳಿಯಿತು. ಒಂದೇ ವೈರಾಣು ಕಾರಣ ಎಂಬುದನ್ನು ಅವರು ಒಪ್ಪಿರಲಿಲ್ಲ. ಆದರೆ ಅವರು ಕೊಟ್ಟ ಸಲಹೆ ಮಾತ್ರ ನೂರಕ್ಕೆ ನೂರು ಸರಿಯಾಗಿತ್ತು: ದೇಹದ್ರವ ಒಬ್ಬರಿಂದೊಬ್ಬರಿಗೆ ಹೋಗದಂತೆ ತಡೆಯಿರಿ, ಕಾಂಡೋಮ್ ಬಳಸಿ.

ಆ ಪುಸ್ತಿಕೆ ಗೆದ್ದದ್ದಕ್ಕೆ ಕಾರಣ ಅದರ ದನಿ. ಅದು ಹೆದರಿಸಲಿಲ್ಲ, ಹೀಗಳೆಯಲಿಲ್ಲ. ಕಾಂಡೋಮ್ ಹಾಕುವುದು ಒಬ್ಬರ ಮೇಲೊಬ್ಬರಿಗಿರುವ ಅಕ್ಕರೆಯ ಗುರುತು ಎಂದಿತು. ಸರ್ಕಾರ ಕಣ್ಣು ತೆರೆಯುವ ಮೊದಲೇ ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೊಗಳ ಸಲಿಂಗಿ ಸಮುದಾಯ ತನ್ನ ರೂಢಿಯನ್ನು ತಾನೇ ತಿದ್ದಿಕೊಳ್ಳತೊಡಗಿತು.

ಆದರೆ ರೂಢಿ ಎಂಬುದು ಒಮ್ಮೆ ತಿದ್ದಿದರೆ ಹಾಗೆಯೇ ನಿಲ್ಲುವಂಥದಲ್ಲ. 1980ರ ದಶಕದ ಕೊನೆಗೇ ‘ದಾರಿ ತಪ್ಪುವವರ’ ಬಗ್ಗೆ ವರದಿಗಳು ಬರತೊಡಗಿದವು. 1996ರಲ್ಲಿ ಮೂರು ಔಷಧಿಗಳ ಸಂಯೋಜಿತ ಚಿಕಿತ್ಸೆ ಬಂದು ಸಾವು ಹಿಮ್ಮೆಟ್ಟಿದಾಗ ಭಯವೂ ಹಿಮ್ಮೆಟ್ಟಿತು. ಭಯದ ಜೊತೆ ಎಚ್ಚರವೂ ಸಡಿಲವಾಯಿತು. ಗೆಳೆಯರ ಶವಸಂಸ್ಕಾರಗಳಿಗೆ ಹೋಗಿಬಂದ ತಲೆಮಾರಿನ ಎಚ್ಚರಿಕೆ ಅದನ್ನು ಕಾಣದ ತಲೆಮಾರಿಗೆ ತಾನಾಗಿ ದಾಟುವುದಿಲ್ಲ. ಬರೀ ಹೆದರಿಕೆಯ ಮೇಲೆ ಕಟ್ಟಿದ ಅಭ್ಯಾಸ ಹೆದರಿಕೆ ಹೋದಾಗ ಕುಸಿಯುತ್ತದೆ.

‘ನನ್ನ ಮೇಲೆ ನಂಬಿಕೆ ಇಲ್ವಾ?’

ಕಾಂಡೋಮ್ ಕೈಬಿಡಲು ಕಾರಣ ಕಾಮದ ಆವೇಗ ಎಂದು ಹೊರಗಿನವರು ಊಹಿಸುವುದುಂಟು. ಸಂಶೋಧನೆಗಳು ಬೊಟ್ಟು ಮಾಡುವುದು ಬೇರೆಡೆಗೆ: ಪ್ರೀತಿಯ ಕಡೆಗೆ. ಹೊಸಬನೊಡನೆ ಹಾಕುವವನು ಹಳೆಯ ಗೆಳೆಯನೊಡನೆ ಹಾಕುವುದಿಲ್ಲ. ನಾಲ್ಕಾರು ತಿಂಗಳು ಜೊತೆಗಿದ್ದ ಮೇಲೆ ಕಾಂಡೋಮ್ ತೆಗೆದರೆ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ‘ನೀನೇ ಎಲ್ಲೋ ಹೋಗಿ ಬಂದಿದ್ದೀಯ’ ಎಂಬ ಅನುಮಾನ. ಮನೆಯವರಿಗೆ ಹೇಳಲಾಗದ, ಮದುವೆಯೆಂಬ ಮುದ್ರೆಯಿಲ್ಲದ ಸಂಬಂಧದಲ್ಲಿ ಪರಸ್ಪರ ನಂಬಿಕೆಯನ್ನು ತೋರಿಸಲು ಇರುವ ದಾರಿಗಳೇ ಕಡಿಮೆ. ಆ ಕೆಲವೇ ದಾರಿಗಳಲ್ಲಿ ಕಾಂಡೋಮ್ ಬಿಡುವುದೂ ಒಂದಾಗಿಬಿಡುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ಅಮೆರಿಕದ ಐದು ನಗರಗಳ ಮಾಹಿತಿಯನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಸಲಿಂಗಿ ಪುರುಷರಲ್ಲಿ ಶೇ 68ರಷ್ಟು ಸೋಂಕು ದಾಟಿದ್ದು ಖಾಯಂ ಸಂಗಾತಿಯಿಂದ. ಸಂಪರ್ಕ ಹೆಚ್ಚು, ಕಾಂಡೋಮ್ ಕಡಿಮೆ, ಪರೀಕ್ಷೆಯ ನೆನಪು ಇನ್ನೂ ಕಡಿಮೆ.

ಹಾಗಾದರೆ ಪ್ರೀತಿಸುವವರು ಏನು ಮಾಡಬೇಕು? ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸೂಸನ್ ಕಿಪ್ಯಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಸಲಿಂಗಿಗಳು ಈ ತೊಡಕನ್ನು ತಾವೇ ಬಿಡಿಸಿಕೊಳ್ಳುತ್ತಿರುವುದನ್ನು ಗಮನಿಸಿ 1993ರಲ್ಲಿ ಬರೆದರು. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು, ಸೋಂಕಿಲ್ಲ ಎಂದು ಖಚಿತವಾದ ಮೇಲಷ್ಟೇ ತಮ್ಮಿಬ್ಬರ ನಡುವೆ ಕಾಂಡೋಮ್ ಬಿಡುವುದು, ಹೊರಗಿನ ಸಂಪರ್ಕ ನಡೆದರೆ ಅಲ್ಲಿ ತಪ್ಪದೆ ಬಳಸುವುದು, ತಪ್ಪಿದರೆ ಮುಚ್ಚಿಡದೆ ಹೇಳುವುದು. ‘ಮಾತಾಡಿಕೊಂಡ ಸುರಕ್ಷೆ’ ಎನ್ನಬಹುದಾದ ಈ ಒಪ್ಪಂದದ ಬಲವೆಲ್ಲ ಕೊನೆಯ ಅಂಶದಲ್ಲಿದೆ. ತಪ್ಪೊಪ್ಪಿಕೊಂಡರೆ ಸಂಬಂಧ ಮುರಿಯುತ್ತದೆ ಎಂಬ ಭಯವಿರುವಲ್ಲಿ ಅದು ನಿಲ್ಲಲಾರದು.

ಕತ್ತಲು, ಅವಸರ, ಖಾಕಿ

ಕಾಂಡೋಮ್ ಹಾಕಲು ಒಂದು ನಿಮಿಷ ಸಾಕು. ಆದರೆ ಆ ಒಂದು ನಿಮಿಷದ ನೆಮ್ಮದಿ ಎಲ್ಲರಿಗೂ ಇರುವುದಿಲ್ಲ. ಕೂಡು ಕುಟುಂಬದ ಮನೆ, ನಾಲ್ವರು ಹಂಚಿಕೊಂಡ ಬಾಡಿಗೆ ಕೋಣೆ; ಲಾಡ್ಜಿಗೆ ಹೋಗಲು ದುಡ್ಡಿಲ್ಲ, ದುಡ್ಡಿದ್ದರೂ ಧೈರ್ಯವಿಲ್ಲ. ಉಳಿಯುವುದು ಪಾರ್ಕಿನ ಮರೆ, ಬಸ್ ನಿಲ್ದಾಣದ ಶೌಚಾಲಯ, ಕಟ್ಟುತ್ತಿರುವ ಕಟ್ಟಡ. ಅಲ್ಲಿ ಪ್ರತಿ ಹೆಜ್ಜೆ ಸಪ್ಪಳವೂ ಬೆದರಿಸುತ್ತದೆ. ಬೇಗ ಮುಗಿಸಿ ಹೊರಡುವುದೇ ಮುಖ್ಯವಾದಾಗ ಪೊಟ್ಟಣ ಹರಿಯುವ ವ್ಯವಧಾನ ಯಾರಿಗಿದ್ದೀತು?

ಇದಕ್ಕಿಂತ ದೊಡ್ಡ ಭಯ ಜೇಬು ತಡಕುವ ಕೈಯದು. ಸಲಿಂಗಿ ಪುರುಷನ ಜೇಬಿನ ಕಾಂಡೋಮ್ ಬಹುಕಾಲ ರಕ್ಷಣೆಯಾಗಿರಲಿಲ್ಲ, ಸಾಕ್ಷ್ಯವಾಗಿತ್ತು. ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಹೊರತಂದ ವರದಿ, ಬೆಂಗಳೂರಿನ ಕಬ್ಬನ್ ಪಾರ್ಕ್‌ನಂಥ ತಾಣಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲೆ ನಡೆಯುತ್ತಿದ್ದ ಸುಲಿಗೆ, ಬೆದರಿಕೆ, ಅಕ್ರಮ ಬಂಧನಗಳನ್ನು ದಾಖಲಿಸಿತು. ಮನೆಗೆ ತಿಳಿಸುತ್ತೇನೆ ಎಂಬ ಒಂದೇ ಮಾತು ಸಾಕಾಗಿತ್ತು. ಕೈಗಡಿಯಾರ, ಉಂಗುರ, ಸಂಬಳದ ಕವರು ತಾವಾಗಿ ಹೊರಬರುತ್ತಿದ್ದವು. ಇಂಥ ಕಡೆಗೆ ಕಾಂಡೋಮ್ ಇಟ್ಟುಕೊಂಡು ಹೋಗುವುದು ಜಾಣತನವೋ ಹುಂಬತನವೋ?

ಅದೇ ವರ್ಷದ ಜುಲೈನಲ್ಲಿ ಲಖನೌದಲ್ಲಿ ನಡೆದದ್ದು ದೇಶವನ್ನೇ ಎಚ್ಚರಿಸಿತು. ಸಲಿಂಗಿ ಪುರುಷರಲ್ಲಿ ಎಚ್‌ಐವಿ ತಡೆಯ ಕೆಲಸ ಮಾಡುತ್ತಿದ್ದ ಭರೋಸಾ ಟ್ರಸ್ಟ್ ಮೊದಲಾದ ಸಂಸ್ಥೆಗಳ ಕಾರ್ಯಕರ್ತರನ್ನು ಪೊಲೀಸರು ಬಂಧಿಸಿದರು. ಹಂಚಲು ಇಟ್ಟಿದ್ದ ಕಾಂಡೋಮ್ ಹಾಗೂ ಆರೋಗ್ಯ ಶಿಕ್ಷಣದ ಸಾಮಗ್ರಿಗಳೇ ಅಪರಾಧದ ಕುರುಹುಗಳಾದವು. ಜಾಮೀನು ಸಿಗುವ ಹೊತ್ತಿಗೆ ಅವರು 47 ದಿನ ಸೆರೆಯಲ್ಲಿ ಕಳೆದಿದ್ದರು. ಒಂದು ಇಲಾಖೆ ಹಂಚಿ ಎಂದದ್ದನ್ನು ಇನ್ನೊಂದು ಇಲಾಖೆ ಜಪ್ತಿ ಮಾಡಿತ್ತು!

ಈ ವಿರೋಧಾಭಾಸ ನ್ಯಾಯಾಲಯದಲ್ಲೂ ಬಯಲಾಯಿತು. ಭಾರತೀಯ ದಂಡ ಸಂಹಿತೆಯ 377ನೇ ಕಲಂ ಪ್ರಶ್ನಿಸಿ ನಾಝ್ ಫೌಂಡೇಶನ್ 2001ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದಾಗ, ಕೇಂದ್ರ ಗೃಹ ಇಲಾಖೆ ಕಲಂ ಇರಲಿ ಎಂದಿತು. ಅದೇ ಸರ್ಕಾರದ ನ್ಯಾಕೋ 2006ರಲ್ಲಿ ಪ್ರಮಾಣಪತ್ರ ಸಲ್ಲಿಸಿ, ಈ ಕಲಂನ ಭಯದಿಂದ ಸಲಿಂಗಿಗಳು ಭೂಗತರಾಗುತ್ತಿದ್ದಾರೆ, ಅವರನ್ನು ತಲುಪುವುದೇ ಕಷ್ಟವಾಗಿದೆ ಎಂದಿತು. 2009ರ ಜುಲೈ 2ರಂದು ಹೈಕೋರ್ಟ್ ವಯಸ್ಕರ ನಡುವಣ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅಂತಿಮವಾಗಿ ಸಲಿಂಗಿಗಳ ಪರ ತೀರ್ಪಿತ್ತಿತು. ಅದೇ ತಿಂಗಳು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು, ಸೋಂಕು ತಡೆಗಾಗಿ ಕಾಂಡೋಮ್ ಕೊಡುವುದು, ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಸ್ಪಷ್ಟಪಡಿಸಿತು. ಆದರೆ ಕಾಗದದ ಮೇಲಿನ ಕಾನೂನು ಕತ್ತಲ ಪಾರ್ಕಿನವರೆಗೆ ನಡೆದು ಬರಲು ಹೊತ್ತು ಹಿಡಿಯುತ್ತದೆ.

ತೆಂಗಿನೆಣ್ಣೆಯ ತೊಡಕು

ಕಾಂಡೋಮ್ ಇದೆ, ಮನಸ್ಸೂ ಇದೆ, ಏಕಾಂತವೂ ಇದೆ. ಆಗಲೂ ಎಡವಟ್ಟಾಗುವುದುಂಟು. ಸಾಮಾನ್ಯ ಕಾಂಡೋಮ್ ಮೇಲಿರುವ ಜಾರುದ್ರವ ಗುದ ಸಂಪರ್ಕಕ್ಕೆ ಸಾಲುವುದಿಲ್ಲ. ನೋವಾಗುತ್ತದೆ, ಕಾಂಡೋಮ್ ಹರಿಯುತ್ತದೆ. ‘ಹಾಕಿದರೂ ಒಡೆಯುತ್ತೆ, ಮತ್ಯಾಕೆ ಹಾಕಬೇಕು’ ಎಂಬ ನಿರಾಸೆ ಹುಟ್ಟುತ್ತದೆ. ನೋವು ತಪ್ಪಿಸಲು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ: ತೆಂಗಿನೆಣ್ಣೆ, ವ್ಯಾಸಲೀನ್, ಕೋಲ್ಡ್ ಕ್ರೀಮ್, ಅಡುಗೆ ಎಣ್ಣೆ.

ಎಣ್ಣೆಗೂ ರಬ್ಬರಿಗೂ ಹಗೆ. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲೇಟೆಕ್ಸ್ ಕಾಂಡೋಮನ್ನು ಖನಿಜ ತೈಲಕ್ಕೆ ಕೇವಲ 60 ಸೆಕೆಂಡ್ ಒಡ್ಡಿದಾಗ ಅದರ ಬಲ ಸುಮಾರು ಶೇ 90ರಷ್ಟು ಕುಸಿಯಿತು. ಹೊರಗಿನಿಂದ ನೋಡಲು ಏನೂ ಆಗಿರುವುದಿಲ್ಲ. ಒತ್ತಡ ಬಿದ್ದಾಗ ಬಿರಿಯುತ್ತದೆ. ನೀರಿನ ಮೂಲದ ಜೆಲ್ಲಿಗೆ ಈ ದೋಷವಿಲ್ಲ. ಆದರೆ ಕಾಂಡೋಮ್ ಪುಕ್ಕಟೆ ಹಂಚಿದವರಿಗೆ ಜೆಲ್ಲಿಯ ನೆನಪು ಬಂದದ್ದು ತಡವಾಗಿ. ಔಷಧ ಅಂಗಡಿಯಲ್ಲಿ ಅದರ ಬೆಲೆ ಕೂಲಿಕಾರನಿಗೆ ಎಟುಕುವಂಥದಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಡದಿರುವುದೆಂದರೆ ಬೀಗ ಕೊಟ್ಟು ಕೀಲಿ ಮರೆತಂತೆ. ಸಲಿಂಗಿ ಪುರುಷರಿಗಾಗಿ ರೂಪಿಸಿದ ಕಾರ್ಯಕ್ರಮಗಳಲ್ಲಿ ಜೆಲ್ಲಿಯೂ ಸೇರಿದ್ದು ಕ್ಷೇತ್ರದಲ್ಲಿ ದುಡಿದವರ ಪಟ್ಟಿನಿಂದ.

ಯಾರ ಮಾತು ನಡೆಯುತ್ತದೆ?

ಪಟ್ಟಣಗಳಲ್ಲಿ ಇಂಗ್ಲಿಷ್ ಬಲ್ಲವರು ‘ಗೇ’ ಎಂದು ತಮ್ಮನ್ನು ಕರೆದುಕೊಂಡರೆ, ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದಲ್ಲಿ ಚಾಲ್ತಿಯಲ್ಲಿರುವ ಪದಗಳು ಬೇರೆ. ಹೆಣ್ಣಿನ ಹಾವಭಾವದ, ಸಾಮಾನ್ಯವಾಗಿ ಸ್ವೀಕರಿಸುವ ಪಾತ್ರದವನು ‘ಕೋತಿ’. ಕನ್ನಡದ ಮಂಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಸಮುದಾಯದ ಒಳಭಾಷೆಯ ಮಾತು. ಅವನ ಗಂಡು ಸಂಗಾತಿ ‘ಪಂತಿ’. ಎರಡೂ ಪಾತ್ರ ವಹಿಸುವವನು ‘ಡಬಲ್ ಡೆಕ್ಕರ್’. ಪಂತಿ ಎನಿಸಿಕೊಂಡವನು ತನ್ನನ್ನು ಸಲಿಂಗಿ ಎಂದು ಭಾವಿಸುವುದೇ ಅಪರೂಪ. ಅವನಿಗೆ ಹೆಂಡತಿ ಮಕ್ಕಳಿರಬಹುದು. ಸಲಿಂಗಿಗಳಿಗೆಂದು ಬರೆದ ಕರಪತ್ರ ಅವನ ಕೈಗೆ ಬಂದರೂ ಅದು ತನಗಲ್ಲ ಎಂದು ಮಡಚಿಡುತ್ತಾನೆ.

ಅಪಾಯ ಹೆಚ್ಚಿರುವುದು ಕೋತಿಗೆ. ನಿರ್ಧಾರ ಮಾತ್ರ ಪಂತಿಯದು. ‘ಹಾಕಿಕೋ’ ಎಂದರೆ ಅವನು ಹೊರಟುಹೋದಾನು ಎಂಬ ಅಂಜಿಕೆ. ಹಣಕ್ಕಾಗಿ ಹೋದವನಿಗೆ ಗಿರಾಕಿ ಕಳೆದುಕೊಳ್ಳುವ ಅಂಜಿಕೆ. ಬಲಾತ್ಕಾರ ನಡೆದಲ್ಲಿ ಮಾತೇ ಇಲ್ಲ. ಹೆಂಡತಿಗೆ ಗಂಡನೆದುರು ಇಲ್ಲದ ಸ್ವಾತಂತ್ರ್ಯ ಇವರಿಗೂ ಇಲ್ಲ. ಗಂಡಸರಾದ ಮಾತ್ರಕ್ಕೆ ಇಬ್ಬರೂ ಸಮಾನರಾಗುವುದಿಲ್ಲ.

ಇನ್ನು ಆ ಹೆಂಡತಿಯ ವಿಚಾರ. ಅಪ್ಪ ಅಮ್ಮನ ಒತ್ತಾಯಕ್ಕೆ ತಾಳಿ ಕಟ್ಟಿದ ಎಷ್ಟೋ ಸಲಿಂಗಿ ಪುರುಷರು ನಮ್ಮ ಊರುಗಳಲ್ಲಿದ್ದಾರೆ. ಹೊರಗೆ ಕಾಂಡೋಮ್ ಬಳಸಿದರೂ ಮನೆಯಲ್ಲಿ ಬಳಸುವಂತಿಲ್ಲ. ಮೊಮ್ಮಗುವಿಗಾಗಿ ಹಿರಿಯರು ಕಾಯುತ್ತಿರುವಾಗ ಹೆಂಡತಿಗೆ ಏನೆಂದು ಹೇಳುವುದು? ಸಲಿಂಗಿಯನ್ನು ಬಲವಂತದ ಮದುವೆಗೆ ದೂಡುವ ಕುಟುಂಬ ಇಬ್ಬರ ಬದುಕನ್ನು ಪಣಕ್ಕಿಡುತ್ತದೆ. ಅದರಲ್ಲಿ ಒಬ್ಬಳಿಗೆ ತಾನು ಪಣದಲ್ಲಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ.

ಬಾಳಬೇಕು ಅನ್ನಿಸಿದರೆ

ತನ್ನ ನಾಳೆಯ ಬಗ್ಗೆ ಆಸೆ ಇರುವವನು ಇಂದು ಎಚ್ಚರ ವಹಿಸುತ್ತಾನೆ. ಬಾಲ್ಯದಿಂದ ಹೀಯಾಳಿಕೆ ಕೇಳಿ ಬೆಳೆದು, ಮನೆಯಿಂದ ಹೊರದಬ್ಬಿಸಿಕೊಂಡು, ತಾನೇ ತಪ್ಪು ಎಂದು ನಂಬಿದವನಿಗೆ ‘ನಿನ್ನ ಆರೋಗ್ಯ ಕಾಪಾಡಿಕೋ’ ಎಂಬ ಮಾತು ಎಲ್ಲಿಯದೋ ಎನಿಸುತ್ತದೆ. ಖಿನ್ನತೆಗೂ ಕಾಂಡೋಮ್ ಬಿಡುವುದಕ್ಕೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿವೆ. ಮದ್ಯದ ಪಾತ್ರವೂ ಹೀಗೆಯೇ. ಕುಡಿತ ಎಚ್ಚರ ತಪ್ಪಿಸುತ್ತದೆ ಎಂಬುದು ಅರ್ಧ ಸತ್ಯ. ಎಚ್ಚರವಿದ್ದಾಗ ಕಾಡುವ ನಾಚಿಕೆ, ಪಾಪಪ್ರಜ್ಞೆಗಳನ್ನು ಮರೆಯಲೆಂದೇ ಕುಡಿಯುವವರಿದ್ದಾರೆ ಎಂಬುದು ಉಳಿದರ್ಧ.

ಚೆನ್ನೈ ಮತ್ತು ಮುಂಬೈಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ನಿಟ್ಟಿನಲ್ಲಿ ಗಮನಾರ್ಹ. ಒಂದು ಗುಂಪಿನ ಪುರುಷರಿಗೆ ಎಂದಿನ ಪರೀಕ್ಷೆ ಮತ್ತು ಸಲಹೆಯ ಜೊತೆಗೆ, ತಮ್ಮನ್ನು ತಾವು ಒಪ್ಪಿಕೊಳ್ಳಲು ನೆರವಾಗುವ ಆಪ್ತ ಸಮಾಲೋಚನೆಯನ್ನೂ ಕೊಡಲಾಯಿತು. ಆ ಗುಂಪಿನಲ್ಲಿ ಕಾಂಡೋಮ್ ಇಲ್ಲದ ಸಂಪರ್ಕ ಹೆಚ್ಚು ಇಳಿಯಿತು. ಆತ್ಮಗೌರವವೂ ಒಂದು ಲಸಿಕೆ ಎಂದಾಯಿತು.

ಗೆಳೆಯ ಹೇಳಿದರೆ ಬೇರೆ

ಹಾಗಾದರೆ ಫಲ ಕೊಡುವುದು ಯಾವುದು? ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿ ಎಂಬ ಊರಿನಲ್ಲಿ ಮನಶ್ಶಾಸ್ತ್ರಜ್ಞ ಜೆಫ್ರಿ ಕೆಲ್ಲಿ ಮತ್ತು ಸಂಗಡಿಗರು ಒಂದು ಸರಳ ಉಪಾಯ ಮಾಡಿದರು. ಸಲಿಂಗಿಗಳು ಸೇರುವ ಬಾರ್‌ಗಳಲ್ಲಿ ಮದ್ಯ ಬಡಿಸುವವರ ನೆರವಿನಿಂದ, ಎಲ್ಲರೂ ಇಷ್ಟಪಡುವ, ಎಲ್ಲರೂ ಮಾತಿಗೆ ನಿಲ್ಲುವ ಗಿರಾಕಿಗಳು ಯಾರೆಂದು ಗುರುತಿಸಿದರು. ಅವರಿಗೆ ತರಬೇತಿ ಕೊಟ್ಟು, ಗೆಳೆಯರೊಡನೆ ಹರಟುವಾಗಲೇ ಕಾಂಡೋಮ್ ವಿಷಯ ತೆಗೆಯುವಂತೆ ಹೇಳಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಲ್ಲಿ ಕಾಂಡೋಮ್ ಇಲ್ಲದೆ ಗುದ ಸಂಪರ್ಕ ನಡೆಸುತ್ತಿದ್ದವರ ಪ್ರಮಾಣ ಕಾಲು ಭಾಗದಷ್ಟು ತಗ್ಗಿತು. ವೈದ್ಯರ ಭಾಷಣಕ್ಕಿಂತ ‘ನಾನೂ ಬಳಸುತ್ತೇನೆ ಮಾರಾಯ’ ಎಂಬ ಗೆಳೆಯನ ಮಾತಿಗೆ ತೂಕ ಹೆಚ್ಚು.

ಭಾರತದಲ್ಲೂ ದಾರಿ ಇದೇ ಆಯಿತು. ಮುಂಬೈಯಲ್ಲಿ ಅಶೋಕ್ ರಾವ್ ಕವಿ 1990ರಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆ ತಂದರು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಹುಟ್ಟಿತು. ಬೆಂಗಳೂರಿನಲ್ಲಿ 1999ರಲ್ಲಿ ಸಂಗಮ ಸಂಸ್ಥೆ ಆರಂಭವಾಯಿತು. 2003ರಲ್ಲಿ ಗೇಟ್ಸ್ ಫೌಂಡೇಶನ್ ನೆರವಿನ ‘ಆವಾಹನ್’ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಆರಂಭಗೊಂಡಾಗ ಕರ್ನಾಟಕವೂ ಅದರಲ್ಲಿತ್ತು. ಸಮುದಾಯದವರೇ ಆದ ‘ಪೀರ್’ ಕಾರ್ಯಕರ್ತರು ಪಾರ್ಕು, ಬಸ್ ನಿಲ್ದಾಣ ಸುತ್ತಿದರು. ಅವರ ಚೀಲದಲ್ಲಿ ಕಾಂಡೋಮ್, ಜೆಲ್ಲಿ. ಜೊತೆಗೆ ಪೊಲೀಸ್ ಕಿರುಕುಳವಾದರೆ ಕರೆ ಮಾಡಲು ವಕೀಲರ ದೂರವಾಣಿ ಸಂಖ್ಯೆ. ಕೂತು ಮಾತಾಡಲು, ಸ್ನಾನ ಮಾಡಲು, ಕನ್ನಡಿ ನೋಡಿಕೊಳ್ಳಲು ಒಂದು ಕೋಣೆಯೂ ಸಿಕ್ಕಿತು. ಕಾಂಡೋಮ್ ಬಳಕೆಗೂ ಆ ಕೋಣೆಗೂ ಏನು ಸಂಬಂಧ ಎಂದು ಲೆಕ್ಕಪರಿಶೋಧಕರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ.

2008ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್ ‘ಕಾಂಡೋಮ್ ಕಾಂಡೋಮ್’ ಎಂದು ಹಾಡುವ ಮೊಬೈಲ್ ರಿಂಗ್‌ಟೋನ್ ಹೊರಬಿಟ್ಟಿತು. ಪದದ ಮೇಲಿನ ಮಡಿ ಬಿಡಿಸುವುದೇ ಅದರ ಉದ್ದೇಶ. ಜನ ನಕ್ಕರು, ನಗುವಾದರೂ ಪಿಸುಮಾತಿಗಿಂತ ಮೇಲು.

ಕಾಂಡೋಮ್ ಒಂದೇ ಅಲ್ಲ

ಇಂದು ಕಾಂಡೋಮ್‌ಗೆ ಜೊತೆಗಾರರಿದ್ದಾರೆ. ಚಿಕಿತ್ಸೆ ಪಡೆದು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದ ವ್ಯಕ್ತಿಯಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ಯೂರೋಪಿನ ‘ಪಾರ್ಟ್‌ನರ್’ ಅಧ್ಯಯನದಲ್ಲಿ ಒಬ್ಬ ಸೋಂಕಿತ, ಇನ್ನೊಬ್ಬ ಸೋಂಕಿಲ್ಲದ ಸಲಿಂಗಿ ಜೋಡಿಗಳ ನಡುವೆ ಕಾಂಡೋಮ್ ಇಲ್ಲದೆ ಸುಮಾರು 76,000 ಬಾರಿ ಸಂಪರ್ಕ ನಡೆದಿತ್ತು. ಸಂಗಾತಿಯಿಂದ ಸೋಂಕು ದಾಟಿದ ಒಂದು ಪ್ರಕರಣವೂ ಇರಲಿಲ್ಲ. ಭಾರತದಲ್ಲಿ ಈ ಚಿಕಿತ್ಸೆ 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ.

ಸೋಂಕಿಲ್ಲದವರು ಮುಂಜಾಗ್ರತೆಯಾಗಿ ತೆಗೆದುಕೊಳ್ಳುವ ‘ಪ್ರೆಪ್’ ಮಾತ್ರೆಯೂ ಇದೆ. ಅಮೆರಿಕ 2012ರಲ್ಲಿ ಅದಕ್ಕೆ ಅನುಮತಿ ನೀಡಿತು. ನ್ಯಾಕೋ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಮಾತ್ರೆ ಸಿಫಿಲಿಸ್, ಗೊನೊರಿಯಾಗಳನ್ನು ತಡೆಯದು. ಅದಕ್ಕೆ ವೈದ್ಯರ ಚೀಟಿ ಬೇಕು, ದುಡ್ಡು ಬೇಕು, ವೈದ್ಯರೆದುರು ಬಾಯಿಬಿಡುವ ಧೈರ್ಯ ಬೇಕು. ಕಾಂಡೋಮ್‌ಗೆ ಅಡ್ಡ ಬಂದ ನಾಚಿಕೆ, ಭಯ, ಬಡತನಗಳೇ ಮಾತ್ರೆಗೂ ಅಡ್ಡ ನಿಲ್ಲುತ್ತವೆ. ಪಾರ್ಕಿನ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿದೆ. ಪೀರ್ ಕಾರ್ಯಕರ್ತ ಈಗ ಯಾವ ಮರದಡಿ ನಿಂತು ಯಾರನ್ನು ಕಾಯಬೇಕು ಎಂಬುದೇ ಹೊಸ ಸಮಸ್ಯೆ.

ನಾಲ್ಕು ದಶಕಗಳ ಅನುಭವ ಹೇಳುವುದಿಷ್ಟು. ಕಾಂಡೋಮ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅದನ್ನು ಬಳಸುವ ಧೈರ್ಯ ತಯಾರಾಗುವುದು ಮನೆಯಲ್ಲಿ, ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಗೆಳೆಯರ ಗುಂಪಿನಲ್ಲಿ. ಮೊದಲನೆಯದನ್ನು ಸರ್ಕಾರ ಲಕ್ಷಗಟ್ಟಲೆ ಹಂಚಬಲ್ಲದು. ಎರಡನೆಯದರಲ್ಲಿ ಉಳಿದವರೆಲ್ಲರ ಪಾಲೂ ಇದೆ.

ಗಮನದಲ್ಲಿರಲಿ

* ಪೊಟ್ಟಣದ ಮೇಲಿನ ಅವಧಿ ದಿನಾಂಕ ನೋಡಿ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಂಡೋಮ್ ಬಿಸಿಗೆ ಹಾಳಾಗಿರುತ್ತದೆ.

* ಹಲ್ಲಿನಿಂದ ಹರಿಯಬೇಡಿ. ಒಂದರ ಮೇಲೊಂದು ಹಾಕಬೇಡಿ; ಉಜ್ಜಿ ಬೇಗ ಹರಿಯುತ್ತವೆ.

* ಎಣ್ಣೆ, ವ್ಯಾಸಲೀನ್, ಕ್ರೀಮ್ ಬೇಡ. ನೀರಿನ ಇಲ್ಲವೇ ಸಿಲಿಕೋನ್ ಮೂಲದ ಜೆಲ್ಲಿ ಬಳಸಿ.

* ಕಾಂಡೋಮ್ ಹರಿದರೆ ಅಥವಾ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಿ. ಸೋಂಕು ತಡೆಯುವ ‘ಪೆಪ್’ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಬೇಕು. ಬೇಗ ಆದಷ್ಟೂ ಒಳ್ಳೆಯದು.

* ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶವನ್ನು ಗುಟ್ಟಾಗಿಡುವುದು ಕಾನೂನಿನ ಕಟ್ಟಳೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ: 1097.